ವರ್ಷವಿಡೀ ಆಷಾಢ
ರೂಪಶ್ರೀಯ ಬ್ಯಾಗನ್ನು ಅಪ್ಪ ಮಹಾದೇವಯ್ಯ ಹೊಸಿಲು ದಾಟಿಸಿಯೇಬಿಟ್ಟರು. ನಾಳೆಯಿಂದ ಆಷಾಢ, ಹೊಸ ಸೊಸೆ ಗುಬ್ಬಿಯ ಅತ್ತೆಮನೆ ಬಿಟ್ಟು ಕುಣಿಗಲ್ಲಿನ ತವರಿಗೆ ಹೋಗಬೇಕು.

"ನಾ ಬರಲ್ಲಪ್ಪ."

"ಗಂಡ ಹೆಂಡ್ತಿ ಒಂದ್ ತಿಂಗ್ಳು ಬೇರೆ ಇರ್ಬೇಕು ಕಣವ್ವ. ಶಾಸ್ತ್ರ."

"ಮದ್ವೆಯಾದ ವಾರಕ್ಕೇ ಇವ್ರು ಲಂಡನ್ನಿಗೆ ಹೋದ್ರು. ನನ್ ವೀಸಾ ಇನ್ನೂ ಬಂದಿಲ್ಲ. ವೀಸಾ ಕೊಡೋರು ವರ್ಷದಿಂದ ನಮ್ ಕೈಲಿ ಆಷಾಢ ಮಾಡಿಸ್ತಾವ್ರೆ. ಅದ್ರ ಮೇಲೆ ನಿಂದೂ ಒಂದಾ?"

ಮಹಾದೇವಯ್ಯ ಬೀಗಿತ್ತಿಯತ್ತ ತಿರುಗಿದರು. "ನೀವಾದ್ರೂ ಹೇಳಿ. ಆಷಾಢ್ದಲ್ಲಿ ಅತ್ತೆ ಸೊಸೆ ಒಂದೇ ಬಾಗ್ಲಲ್ಲಿ ಓಡಾಡ್ಬಾರ್ದಲ್ವಾ?"

ಸೊಸೆಯನ್ನು ಕಳಿಸಿಕೊಡಲು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ಶಿವರುದ್ರಮ್ಮ ಅದನ್ನು ಗೂಡಿನಲ್ಲಿಟ್ಟು, ಹೊರಗಿದ್ದ ಬ್ಯಾಗನ್ನು ಒಳಕ್ಕೆಳೆದುಕೊಂಡರು.

"ಅವ್ಳು ಮುಂಬಾಗ್ಲಲ್ಲೇ ಓಡಾಡ್ಲಿ ಬುಡಿ ಬೀಗ್ರೇ. ನಂಗೆ ಹಿತ್ಲು ಬಾಗ್ಲಿದೆ."