ಪುಸ್ತಕದಲ್ಲಿಲ್ಲದವರು

ಪ್ರಾರ್ಥನಾ ಮಂದಿರದ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸದಸ್ಯರ ಪುಸ್ತಕದಿಂದ ಹೆಸರು ಹೊಡೆದುಹಾಕಬೇಕಾ? ಯಾಕಪ್ಪ, ಯಾರಾದ್ರೂ ಏನಾದ್ರೂ ಅಂದ್ರಾ? ಫ್ಯಾನಿನ ಕೆಳಗೆ ಜಾಗ ಸಿಗಲಿಲ್ಲ ಅಂತ ಮೊನ್ನೆ ಒಬ್ರು ಇದೇ ಥರ ಅರ್ಜಿ ಹಿಡ್ಕೊಂಡು ಬಂದಿದ್ರು.”

“ಫ್ಯಾನಿನ ತಕರಾರಲ್ಲ,” ಅಂದ ಲಿಫ್ಟ್ ಮೆಕ್ಯಾನಿಕ್. “ಬರೋ ವಾರ ಮುಂದೆ ನಿಂತು ಓದೋ ಸರದಿ ನಮ್ಮ ಮನೇದು. ‘ಕಂಡಿಲ್ಲ, ಆದರೂ ನಂಬಿದ್ದೇನೆ’ ಅಂತ ಎಲ್ಲರೆದುರು ಹೇಳಬೇಕು. ನನಗೆ ನಂಬಿಕೆ ಇಲ್ಲ.”

“ಇಷ್ಟೇನಾ! ಓದು ಅಂದಿದ್ದು. ನಂಬು ಅಂದೋರು ಯಾರು?”

ಮೆಕ್ಯಾನಿಕ್ ನಗಲಿಲ್ಲ. ಪ್ರತಿ ಲಿಫ್ಟಿನೊಳಗೂ ಒಂದು ಕಾರ್ಡು ಇರುತ್ತದೆ. ‘ನೋಡಿದ್ದೇನೆ, ಸರಿಯಿದೆ’ ಎಂದು ತಿಂಗಳಿಗೊಮ್ಮೆ ಸಹಿ ಹಾಕಬೇಕು. ಜತೆಗಾರರು ಕೆಳಗೆ ಟೀ ಕುಡಿಯುತ್ತಲೇ ಹತ್ತು ಕಾರ್ಡಿಗೆ ಸಹಿ ಜಡಿಯುತ್ತಿದ್ದರು. ಇವನು ಮಾತ್ರ ಮೇಲಕ್ಕೆ ಹತ್ತಿ, ಉಕ್ಕಿನ ಹಗ್ಗವನ್ನು ಕೈಯಿಂದ ಸವರಿ ನೋಡದೆ ಹದಿನಾಲ್ಕು ವರ್ಷದಲ್ಲಿ ಒಂದು ಸಹಿಯನ್ನೂ ಹಾಕಿದವನಲ್ಲ. ಕೆಲಸದ ಕಡೆ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಸತ್ಯಣ್ಣ’ ಅಂತ. ಅದು ಹೊಗಳಿಕೆ ಅಲ್ಲವೆಂದು ಅವನಿಗೂ ಗೊತ್ತಿತ್ತು.

“ಲಿಫ್ಟು ನಡುವೆ ನಿಂತಾಗ ನೀನು ಹೋಗಿ ಬಾಗಿಲು ತೆಗೀತೀಯ. ಒಳಗಿದ್ದೋರು ‘ದೇವರು ಬಂದ ಹಾಗೆ ಬಂದ್ರಿ’ ಅಂತಾರೆ,” ಅಂದರು ಗುಮಾಸ್ತರು. “ಆಗ ‘ನಾನು ದೇವರಲ್ಲ’ ಅಂತ ಅರ್ಜಿ ಬರೆದುಕೊಡ್ತೀಯಾ?” ಆಮೇಲೆ ದಪ್ಪ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. “ನೋಡು, ಇಲ್ಲಿ ಒಂದು ಮನೆಗೆ ಒಂದೇ ಸಾಲು. ನಿನ್ನದನ್ನು ಹೊಡೆದ್ರೆ ನಿಮ್ಮಮ್ಮಂದೂ ಹೋಗುತ್ತೆ. ಸೇವೆಗೆ ಹೆಂಗಸರು ಯಾವ್ಯಾವ ಮನೆಗೆ ಹೋಗಬೇಕು ಅಂತ ಪಟ್ಟಿ ಮಾಡೋದು ಈ ಪುಸ್ತಕ ನೋಡ್ಕೊಂಡೇ.”

ಅರ್ಜಿಗೆ ಸಹಿ ಹಾಕಲು ಹೊರಟಿದ್ದ ಮೆಕ್ಯಾನಿಕ್‌ನ ಪೆನ್ನು ನಿಂತಿತು. ಅಮ್ಮನಿಗೆ ಲಕ್ವ ಹೊಡೆದು ಎಂಟು ತಿಂಗಳು. ಹೆಂಡತಿ ಪ್ಯಾಕಿಂಗ್ ಕೆಲಸಕ್ಕೆ ಬೆಳಿಗ್ಗೆ ಆರಕ್ಕೆ ಹೊರಡುವವಳು. ಮಂದಿರದ ಹೆಂಗಸರು ದಿನಕ್ಕೊಂದು ಜೋಡಿಯಂತೆ ಮಧ್ಯಾಹ್ನ ಬಂದು, ಅಮ್ಮನ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಪೌಡರು ಹಾಕಿ ಹೋಗುತ್ತಿದ್ದರು. ಮಲಗಿದಲ್ಲೇ ಇದ್ದರೂ ಇವತ್ತಿಗೂ ಆ ಬೆನ್ನಿನಲ್ಲಿ ಒಂದೂ ಹುಣ್ಣಿಲ್ಲ. ಡಾಕ್ಟರೇ ಬೆರಗಾಗಿದ್ದರು.

“ನಂಬಿಕೆ ಇದ್ದೋರ ಮನೆಗೆ ಮಾತ್ರ ಬರ್ತಾರಾ?”

“ಪಟ್ಟಿಯಲ್ಲಿದ್ದೋರ ಮನೆಗೆ. ನಂಬಿಕೆ ತೂಗೋಕೆ ನನ್ನ ಹತ್ರ ತಕ್ಕಡಿ ಇದೆಯಾ? ನಿಮ್ಮ ಮನೆಗೆ ಬುಧವಾರ ಬರ್ತಾರಲ್ಲ ದೊಡ್ಡಕ್ಕ, ಅವರ ಹೆಸರು ಹೊಡೆದು ಮೂರು ವರ್ಷ ಆಯ್ತು. ಕೆಂಪು ಗೆರೆ ಎಳೆದೋನು ನಾನೇ.”

“ಮತ್ತೆ ಯಾಕೆ ಬರ್ತಾರೆ?”

“ಬರಬೇಡಿ ಅನ್ನೋಕೆ ನಿಯಮ ಇಲ್ಲ. ಬನ್ನಿ ಅನ್ನೋಕೂ ಇಲ್ಲ.” ಗುಮಾಸ್ತರು ತಲೆ ಕೆರೆದುಕೊಂಡರು. “ಸಹಿ ಮಾಡ್ತೀಯೋ ಇಲ್ವೋ ಹೇಳು. ನಾನು ಊಟಕ್ಕೆ ಹೋಗಬೇಕು.”

ಅವನು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವತ್ತೂ ಬುಧವಾರವೇ. ಮನೆ ತಲುಪುವಾಗ ದೊಡ್ಡಕ್ಕ ಒಬ್ಬರೇ ತೋಳು ಮಡಚಿಕೊಂಡು, ಬಿಸಿನೀರಿನ ಬೋಗುಣಿ ಪಕ್ಕಕ್ಕಿಟ್ಟುಕೊಂಡು ನಿಂತಿದ್ದರು. ಅಮ್ಮ ಮಂಪರಿನಲ್ಲಿದ್ದಳು.

“ಬಂದೆಯಾ, ಒಳ್ಳೇದಾಯ್ತು. ಜೊತೆಯವಳಿಗೆ ಹಲ್ಲುನೋವು.”

“ದೊಡ್ಡಕ್ಕ, ನಿಮ್ಮ ಹೆಸರು ಪುಸ್ತಕದಲ್ಲಿ ಇಲ್ವಂತೆ?”

“ಆ ಗುಮಾಸ್ತನ ಬಾಯಲ್ಲಿ ಎಳ್ಳೂ ನೆನೆಯಲ್ಲ.” ಅವರು ಬಟ್ಟೆ ಹಿಂಡಿದರು. “ನಮ್ಮನೆಯವರು ಹೋದಮೇಲೆ ನಂಬಿಕೆ ಇದೆಯಾ ಅಂತ ಹುಡುಕಿ ನೋಡಿದೆ. ಇರಲಿಲ್ಲ. ಸುಳ್ಯಾಕೆ ಅಂತ ಹೊಡೆಸಿದೆ.”

“ಮತ್ತೆ ಇಲ್ಲಿಗೆ?”

“ಬುಧವಾರ ಅಲ್ವಾ?”

ಮುಂದೆ ಇನ್ನೇನಾದರೂ ಹೇಳುತ್ತಾರೆಂದು ಅವನು ಕಾದ. ಅವರು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದರು. “ನಾನೂ ಹೊಡೆಸಬೇಕು ಅಂತಿದೀನಿ,” ಅಂದ.

ದೊಡ್ಡಕ್ಕನ ಕೈ ನಿಂತಿತು. “ಬೇಡ.”

“ನೀವು ಹೊಡೆಸಿದ್ರಿ!”

“ನಾನು ಹೊಡೆಸಿದ್ದಕ್ಕೆ ನನ್ನ ಮನೆಗೆ ಬರೋರು ತಪ್ಪಿದ್ರು, ಅಷ್ಟೇ. ನೀನು ಹೊಡೆಸಿದ್ರೆ ನಾನು ಹೋಗೋ ಮನೆ ತಪ್ಪುತ್ತೆ. ಪಟ್ಟಿಯಲ್ಲಿ ಇಲ್ಲದ ಮನೆಗೆ ಜೊತೆಯವಳು ಕಾಲಿಡಲ್ಲ. ಒಬ್ಬಳೇ ನಿಮ್ಮಮ್ಮನ್ನ ಎತ್ತೋಕೆ ನನ್ನ ಸೊಂಟ ಕೇಳಲ್ಲ.”

“ಹಾಗಾದ್ರೆ ನಾನು ಎಲ್ಲರ ಮುಂದೆ ನಿಂತು ಸುಳ್ಳು ಹೇಳ್ಲಾ?”

“ನಂಗೇನು ಗೊತ್ತು? ನನಗೆ ಗೊತ್ತಿದ್ದಿದ್ರೆ ನಾನು ಹೀಗ್ಯಾಕೆ ಇರ್ತಿದ್ದೆ?” ಅವರು ರೇಗಿದರು. “ನಿಂತು ಯೋಚಿಸಬೇಡ, ನೀರು ಆರ್ತಿದೆ. ಕಾಲು ಹಿಡ್ಕೊ.”

ಅವನು ಅಮ್ಮನ ಎರಡೂ ಹಿಮ್ಮಡಿಗಳನ್ನು ಹಿಡಿದ. ದೊಡ್ಡಕ್ಕ ಭುಜದ ಕೆಳಗೆ ಕೈ ತೂರಿಸಿದರು. ಒಂದು, ಎರಡು, ಮೂರು. ಅಮ್ಮ ಗೋಡೆಯ ಕಡೆ ಹೊರಳಿದಳು. ಅವಳ ಬೆನ್ನು ಮಗುವಿನ ಬೆನ್ನಿನಷ್ಟು ನುಣುಪಾಗಿತ್ತು.

“ಕಾಲ ಹತ್ರ ಯಾರು?” ಗೋಡೆ ನೋಡುತ್ತಲೇ ಅಮ್ಮ ತೊದಲಿದಳು. “ಕೈ ಒರಟು.”

ಅವನು ಹಿಡಿತ ಸಡಿಲಿಸಿದ.

“ನಮ್ಮವರೇ,” ಅಂದರು ದೊಡ್ಡಕ್ಕ. “ಹೆದರಬೇಡಿ. ನಮ್ಮವರೇ.”