ಮುಚ್ಚಳದಲ್ಲಿ ಅಳೆದ ಸೇಂದಿ

ನಿಮ್ಮ ಮನೆಯವರನ್ನೇ ಮಂಚಕ್ಕೆ ಕಟ್ಟಿಹಾಕಿ ನೋಡಿಕೊಂಡಿದ್ದೀರಾ? ದೋಸೆ ಹಿಟ್ಟು ಹುಳಿ ಬಂದ ವಾಸನೆಗೆ ಇವತ್ತೂ ನನಗೆ ದೇವದುರ್ಗದ ಆ ಮಧ್ಯಾಹ್ನ ನೆನಪಾಗುತ್ತದೆ.

ವರ್ಷಗಟ್ಟಲೆ ಮತ್ತಿನ ಪೌಡರ್ ಬೆರೆಸಿದ ಸೇಂದಿ ಕುಡಿದಿದ್ದ ಅವ್ವ, ಬಿಟ್ಟು ಎರಡು ದಿನವಾಗಿತ್ತು. ಸೇಂದಿ ಅಂಗಡಿಗೆ ಓಡದಂತೆ ಅಜ್ಜಿ, ಅವ್ವನ ಹೆತ್ತ ತಾಯಿ, ಹಳೆಯ ಸೀರೆಯಿಂದ ಅವಳ ಕಾಲನ್ನು ಮಂಚಕ್ಕೆ ಕಟ್ಟಿದ್ದಳು. ಅವ್ವನ ಮೈ ನಡುಗುತ್ತಿತ್ತು. ಇಲ್ಲದ ಇರುವೆಗಳನ್ನು ಗೋಡೆಯಿಂದ ಒರೆಸುತ್ತಿದ್ದಳು.

ಅಜ್ಜಿ ನೀರಿಗೆ ಹೋದಾಗ ಅವ್ವ ನನ್ನನ್ನು ಕರೆದಳು. "ನಿನ್ನ ಸಾಲಿ ಬಾಟ್ಲಿಯೊಳಗ ಒಂದೀಟು ತಾರವ್ವಾ. ಇಲ್ಲಂದ್ರ ಸಾಯ್ತೀನಿ."

ಅಂಗಡಿಗೆ ಓಡಿಹೋಗಿ ಶಾಲೆಯ ನೀರಿನ ಬಾಟಲಿಗೆ ಸೇಂದಿ ತುಂಬಿಸಿಕೊಂಡು ಬಂದೆ. ಬಾಗಿಲಲ್ಲೇ ಅಜ್ಜಿ ಸಿಕ್ಕಳು, ಬಾಟಲಿ ಮೂಸಿದಳು. ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಅವಳು ಅವ್ವನ ಗದ್ದ ಹಿಡಿದು, ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿಸಿದಳು.

"ಇವತ್ತು ನಾಕು ಮುಚ್ಚಳ, ನಾಳಿ ಮೂರು. ಒಮ್ಮಿಗೇ ಬಿಡಿಸಿದ್ರ ಜೀವಾನ ಹೋಗ್ತದ. ಹಾಲು ಕುಡಿಸಿದಾಕಿ ನಾನು, ಇದನ್ನೂ ನಾನಾ ಕುಡಿಸಬೇಕಾತಲ್ಲಬೇ!"

ಅಂದಿನಿಂದ ಐದನೇ ದಿನ ಮುಚ್ಚಳ ಒಣಗಿತ್ತು. ಅವ್ವ ನನ್ನ ಜಡೆ ಹೆಣೆದಳು, ಕೈ ನಡುಗಲಿಲ್ಲ.

"ಬಾಟ್ಲಿ ತೊಳದಿಯೇನು?" ಎಂದಳು.

"ತೊಳದೀನಿ" ಎಂದೆ.

ಅಜ್ಜಿ ಕಾಲಿನ ಸೀರೆ ಬಿಚ್ಚಿ, ನೀಟಾಗಿ ಮಡಚಿ, ಮಂಚದ ಕೆಳಗೇ ಇಟ್ಟಳು.

ನಿಮ್ಮ ಮನೆಯಲ್ಲೂ ಇಂಥ ಸೀರೆ ಇದ್ದರೆ ಅದರ ಕಥೆ ಕೆಳಗೆ ಬರೆಯಿರಿ, ನಾಚಬೇಡಿ.