ದರ್ಗಾದ ಮುಂದೆ ಬಿಟ್ಟ ಚಪ್ಪಲಿ

ಇದನ್ನು ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಮುದುಕನಾದೆ. ಇಂದು ಭಾಲ್ಕಿಯ ರಸ್ತೆಯಲ್ಲಿ ಕರಗಿದ ಡಾಂಬರಿನ ವಾಸನೆ ಬಂದು, ಆ ಮಧ್ಯಾಹ್ನ ಮತ್ತೆ ಎದುರಿಗೆ ನಿಂತಿದೆ.

ಚಿಕ್ಕವನಿದ್ದಾಗ ಪಕ್ಕದ ಮನೆಯ ಹುಡುಗಿಯನ್ನು ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಅವಳು ನನ್ನನ್ನು ಔರಾದದಿಂದ ಬಸ್ಸಿನಲ್ಲಿ ಬೀದರಕ್ಕೆ ಕರೆದುಕೊಂಡು ಹೋದಳು. ಕೋಟೆ ನೋಡಿ ದರ್ಗಾಕ್ಕೆ ಬಂದೆವು.

“ಚಪ್ಪಲ್ ನೋಡ್ಕೋತ ಕೂಡು ಬೇಟಾ, ಎಲ್ಲೂ ಹೋಗಬ್ಯಾಡ,” ಎಂದು ಒಳಗೆ ಹೋದಳು.

ನಾನು ನನ್ನವನ್ನು ಮೆಟ್ಟಿಕೊಂಡು ಕಬ್ಬಿನ ಹಾಲು ಕುಡಿಯಲು ಹೋದೆ. ಮರಳಿದಾಗ ಅವಳ ಹೊಸ ಚಪ್ಪಲಿ ಇರಲಿಲ್ಲ.

“ನಾ ಇಲ್ಲೇ ಕೂತಿದ್ದೆ ಆಪಾ,” ಎಂದೆ.

“ಇರ್ಲಿ ಬಿಡು. ಪಾಪ, ಯಾರ ಕಾಲ ಸುಡ್ತಿದ್ವೋ ಏನೋ.”

ಬಸ್ ನಿಲ್ದಾಣದವರೆಗೂ ಅವಳು ನೆರಳಿಂದ ನೆರಳಿಗೆ ಓಡಿದಳು. ನನ್ನ ಚಪ್ಪಲಿ ಅವಳ ಕಾಲಿಗೆ ಸಣ್ಣವು. ಅವನ್ನು ಮೆಟ್ಟಿಕೊಂಡೇ ಹಿಂದೆ ನಡೆದೆ.

“ಏನ್ರಿ ಬಾಯಿ, ಚಪ್ಪಲ್ ಕಿಲ್ಲಾದಾಗ ಬಾದಶಹಾಗ ಕೊಟ್ಟ ಬಂದ್ರೇನ್ರಿ?” ಎಂದು ಕಂಡಕ್ಟರ್ ನಕ್ಕ. ಆಪಾನೂ ನಕ್ಕಳು.

ಬಸ್ಸಿನಲ್ಲಿ ನಾನು ಅಳತೊಡಗಿದೆ. ನನಗೆ ಬಿಸಿಲು ಬಡಿದಿದೆ ಎಂದುಕೊಂಡು ಅವಳು ಬಾಟಲಿಯಲ್ಲಿ ಉಳಿದ ನೀರನ್ನೆಲ್ಲ ತಲೆಯ ಮೇಲೆ ಹೊದ್ದ ಓಢಣಿಯ ಸೆರಗಿಗೆ ಸುರಿದು ನನ್ನ ಹಣೆಗೆ ಒತ್ತಿದಳು. ಬೊಬ್ಬೆ ಎದ್ದ ಅವಳ ಅಂಗಾಲಿಗೆ ನೀರು ಉಳಿಯಲಿಲ್ಲ.

ನಾನು ಕೊನೆಗೂ ಕ್ಷಮೆ ಕೇಳದ ಆ ಆಪಾಳ ಹೆಸರು ಶಾಹೀನ್.